ಹಿಮದೂರಿಗೆ ಕಾರಿನಲ್ಲಿ: ಕೊನೆಯಿಂದ ಹಿಂದಕ್ಕೆ ಹಾಕುವ ಲೆಕ್ಕ



ಯೂರೋಪಿನ ಭೂಪಟವೊಂದನ್ನು ಎದುರಿಗೆ ಇಟ್ಟುಕೊಳ್ಳಿ. ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ ಡೋವರ್ ಮತ್ತು ಫೋಕ್‌ಸ್ಟನ್ ಎಂಬ ಊರುಗಳು ಕಾಣುತ್ತವೆ. ಕಡಲ್ಗಾಲುವೆಯ ಆಚೆ ದಡದಲ್ಲಿ ಫ್ರಾನ್ಸಿನ ಕ್ಯಾಲೆ ಇದೆ. ಅಲ್ಲಿಂದ ಬೆರಳನ್ನು ಕೆಳಗೆ, ಬಲಕ್ಕೆ ಜಾರಿಸುತ್ತ ಬನ್ನಿ. ರೇಮ್ಸ್, ತ್ರುವಾ, ಡಿಜೋನ್, ಲಿಯೋನ್, ಶಾಂಬೆರಿ, ಆಲ್ಬರ್‌ವಿಲ್. ಇಲ್ಲಿಗೆ ಬಯಲು ಮುಗಿಯುತ್ತದೆ, ಆಲ್ಪ್ಸ್ ಪರ್ವತಗಳು ಎದ್ದು ನಿಲ್ಲುತ್ತವೆ. ಆಲ್ಬರ್‌ವಿಲ್‌ನಿಂದ ಇಸೇರ್ ನದಿಯ ಕಣಿವೆಯಲ್ಲಿ ಸಾಗಿದರೆ ಮೂತಿಯೇ ಎಂಬ ಸಣ್ಣ ಪಟ್ಟಣ. ಅದರ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿ ವಾಲ್ ತೊರಾನ್ಸ್ ಎಂಬ ಹಿಮದೂರು.

ಕಾಲಿಗೆ ಉದ್ದನೆಯ ಹಲಗೆಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಆಟವನ್ನು ನಿಮ್ಮಲ್ಲಿ ಅನೇಕರು ದೂರದರ್ಶನದಲ್ಲಿ ನೋಡಿರಬಹುದು. ನಮ್ಮ ದೇಶದಲ್ಲೂ ಗುಲ್ಮಾರ್ಗ್ ಮತ್ತು ಔಲಿಯಲ್ಲಿ ಅದು ಉಂಟು. ಬ್ರಿಟನ್ನಿನ ಜನ ಚಳಿಗಾಲದಲ್ಲಿ ಒಂದು ವಾರದ ರಜೆ ಹಾಕಿ ಇದಕ್ಕಾಗಿಯೇ ಆಲ್ಪ್ಸ್‌ಗೆ ಹೋಗುತ್ತಾರೆ. ವಿಮಾನದಲ್ಲಿ ಹೋಗುವವರಿದ್ದಾರೆ, ರೈಲಿನಲ್ಲಿ ಹೋಗುವವರಿದ್ದಾರೆ. ಆದರೆ ನಾಲ್ಕು ಜನರ ಹಲಗೆ, ಬೂಟು, ದಪ್ಪ ಉಡುಪು, ಮಕ್ಕಳ ಸಾಮಾನು ಇವನ್ನೆಲ್ಲ ಕಾರಿಗೆ ತುಂಬಿಕೊಂಡು ಹೊರಡುವವರೂ ಕಡಿಮೆಯೇನಿಲ್ಲ. ಲಂಡನ್ನಿನಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬ ಡಿಸೆಂಬರ್ ತಿಂಗಳ ಕೊನೆಯಲ್ಲಿ ಹೀಗೆ ಹೊರಡಲು ಯೋಚಿಸಿದೆ ಎಂದು ಭಾವಿಸೋಣ. ತಂದೆ, ತಾಯಿ, ಇಬ್ಬರು ಮಕ್ಕಳು. ಅವರ ಯೋಜನೆ ಹೇಗಿರಬೇಕು?

ಸಾಮಾನ್ಯವಾಗಿ ಜನ ಮಾಡುವ ಯೋಜನೆ ಮನೆಯ ಬಾಗಿಲಿನಿಂದ ಪ್ರಾರಂಭವಾಗುತ್ತದೆ. ಎಷ್ಟು ಗಂಟೆಗೆ ಎದ್ದು ಎಷ್ಟು ಗಂಟೆಗೆ ಹೊರಟರೆ ಎಷ್ಟು ಗಂಟೆಗೆ ತಲುಪುತ್ತೇವೆ ಎಂಬ ಲೆಕ್ಕ. ಒಟ್ಟು ದೂರ ಸುಮಾರು 1,100 ಕಿಲೋಮೀಟರ್. ಫ್ರಾನ್ಸಿನ ಹೆದ್ದಾರಿಯಲ್ಲಿ ಗಂಟೆಗೆ 130 ಕಿ.ಮೀ. ವೇಗಕ್ಕೆ ಅನುಮತಿ ಇದೆ. ಶುಕ್ರವಾರ ಕೆಲಸ ಮುಗಿಸಿ, ರಾತ್ರಿಯೆಲ್ಲ ಓಡಿಸಿ, ಶನಿವಾರ ಬೆಳಗಾಗುವಷ್ಟರಲ್ಲಿ ಹಿಮದ ಮೇಲಿರಬಹುದಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಈ ದಾರಿಯ ಸ್ವಭಾವ ವಿಚಿತ್ರವಾದದ್ದು. ಮೊದಲ ಸಾವಿರ ಕಿಲೋಮೀಟರ್ ಬಹುಮಟ್ಟಿಗೆ ಸುಲಭ. ಕಷ್ಟವೆಲ್ಲ ಕೊನೆಯ 37 ಕಿಲೋಮೀಟರಿನಲ್ಲಿ, ಅಂದರೆ ಮೂತಿಯೇಯಿಂದ ವಾಲ್ ತೊರಾನ್ಸ್‌ವರೆಗಿನ ಏರುದಾರಿಯಲ್ಲಿ ಕೂಡಿಕೊಂಡಿದೆ. ಓಡಿಸುವವನು ತೀರ ಬಳಲಿದ ಹೊತ್ತಿನಲ್ಲಿ ರಸ್ತೆ ಅವನಿಂದ ಹೆಚ್ಚಿನ ಎಚ್ಚರವನ್ನು ಕೇಳುತ್ತದೆ. ಆದ್ದರಿಂದ ಈ ಪ್ರಯಾಣದ ಲೆಕ್ಕವನ್ನು ಕೊನೆಯಿಂದ ಪ್ರಾರಂಭಿಸಿ ಹಿಂದಕ್ಕೆ, ಮನೆಯ ಕಡೆಗೆ ಹಾಕಬೇಕು. ನಾವೂ ಈಗ ಹಾಗೆಯೇ ಮಾಡೋಣ.

ಮೂತಿಯೇ ಪಟ್ಟಣ ಸುಮಾರು 480 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮೇಲಿನ ಊರಿಗೆ 1,800 ಮೀಟರಿಗಿಂತ ಹೆಚ್ಚಿನ ಏರು. ಎತ್ತರ ಪ್ರತಿ ಸಾವಿರ ಮೀಟರ್ ಹೆಚ್ಚಿದಂತೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆಂದು ನೀವು ಭೂಗೋಳದ ಪಾಠದಲ್ಲಿ ಓದಿದ್ದೀರಿ. ಅಂದರೆ ಕೆಳಗೆ ಪಟ್ಟಣದಲ್ಲಿ 4 ಡಿಗ್ರಿ ಇದ್ದು ಸಣ್ಣಗೆ ಮಳೆ ಹನಿಯುತ್ತಿದ್ದರೆ, ಮೇಲೆ ಸೊನ್ನೆಗಿಂತ 8 ಡಿಗ್ರಿ ಕೆಳಗೆ ಇದ್ದು ಹಿಮ ಸುರಿಯುತ್ತಿರಬಹುದು. ಒಂದು ಗಂಟೆಯ ಪ್ರಯಾಣದಲ್ಲಿ ಎರಡು ಋತುಗಳು! ಕೆಳಗಿನ ರಸ್ತೆಯನ್ನು ನೋಡಿ ಮೇಲಿನ ರಸ್ತೆಯನ್ನು ಊಹಿಸುವವರು ಮೋಸಹೋಗುವುದು ಇಲ್ಲಿಯೇ.

ಹಿಮದ ಮೇಲೆ ಕಾರಿಗೆ ಏನಾಗುತ್ತದೆ? ಇದಕ್ಕೆ ಉತ್ತರವೂ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿದೆ. ಟೈರಿಗೂ ಒಣ ಡಾಂಬರಿಗೂ ನಡುವಿನ ಘರ್ಷಣಾಂಕ ಸುಮಾರು 0.7. ತುಳಿದು ಗಟ್ಟಿಯಾದ ಹಿಮದ ಮೇಲೆ ಅದು ಸುಮಾರು 0.2ಕ್ಕೆ ಇಳಿಯುತ್ತದೆ, ಮಂಜುಗಡ್ಡೆಯ ಮೇಲೆ 0.1ಕ್ಕೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಗುತ್ತಿರುವ ಕಾರಿಗೆ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ 14 ಮೀಟರಿನಲ್ಲಿ ನಿಲ್ಲುತ್ತದೆ. ಹಿಮದ ಮೇಲೆ 50 ಮೀಟರ್ ಬೇಕು, ಮಂಜುಗಡ್ಡೆಯ ಮೇಲೆ ನೂರು ಮೀಟರಿನ ಹತ್ತಿರ ಬೇಕು. ಇದು ಸಮತಟ್ಟಾದ ರಸ್ತೆಯ ಮಾತು. ನೂರು ಮೀಟರಿಗೆ 8 ಮೀಟರ್ ಇಳಿಯುವ ಇಳಿಜಾರಾದರೆ ಹಿಮದ ಮೇಲಿನ 50 ಮೀಟರ್ 80ನ್ನು ದಾಟುತ್ತದೆ. ಬೇಕಾದರೆ ಕಾಗದ ತೆಗೆದುಕೊಂಡು ನೀವೇ ಲೆಕ್ಕ ಹಾಕಿ ನೋಡಿ. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷ ಮತ್ತು ಘರ್ಷಣಾಂಕಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ಸಾಕು. ಕಾರಿನ ತೂಕ ಈ ಸೂತ್ರದಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಿ. ‘ನಮ್ಮದು ಭಾರಿ ಗಾಡಿ, ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುತ್ತದೆ, ಭಯವಿಲ್ಲ’ ಎನ್ನುವವರನ್ನು ನೀವು ಕೇಳಿರಬಹುದು. ನಾಲ್ಕು ಚಕ್ರದ ಚಾಲನೆ ಏರಲು ಸಹಾಯ ಮಾಡುತ್ತದೆ. ನಿಲ್ಲಲು ಅದರಿಂದ ಯಾವ ಸಹಾಯವೂ ಇಲ್ಲ.

ಸಾಧಾರಣ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಪೆಡಸಾಗುತ್ತ ಹೋಗಿ ರಸ್ತೆಯ ಮೇಲಿನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರನ್ನು ತಣ್ಣಗಿದ್ದರೂ ಮೆತ್ತಗಿರುವ ರಬ್ಬರಿನಿಂದ ಮಾಡಿರುತ್ತಾರೆ, ಅದರ ಮೇಲ್ಮೈಯಲ್ಲಿ ಹಿಮವನ್ನು ಕಚ್ಚಿ ಹಿಡಿಯುವ ಸಣ್ಣ ಸಣ್ಣ ಸೀಳುಗಳಿರುತ್ತವೆ. ಫ್ರಾನ್ಸಿನಲ್ಲಿ 2021ರ ನವೆಂಬರ್ 1ರಿಂದ ಒಂದು ನಿಯಮ ಜಾರಿಗೆ ಬಂದಿದೆ. ಫಲಕ ಹಾಕಿ ಗುರುತಿಸಿದ ಬೆಟ್ಟದ ಪ್ರದೇಶಗಳಲ್ಲಿ ಪ್ರತಿ ವರ್ಷ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಕಾರಿಗೆ ನಾಲ್ಕೂ ಚಳಿಗಾಲದ ಟೈರುಗಳಿರಬೇಕು, ಇಲ್ಲವೇ ಎರಡು ಚಾಲಕ ಚಕ್ರಗಳಿಗೆ ತೊಡಿಸುವ ಸರಪಳಿಯನ್ನೋ ಬಟ್ಟೆಯ ಕವಚವನ್ನೋ ಕಾರಿನಲ್ಲಿ ಇಟ್ಟುಕೊಂಡಿರಬೇಕು. ಟೈರಿನ ಪಕ್ಕೆಯಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು, ಹೀಗೊಂದು ಚಿಹ್ನೆ ಇದ್ದರೆ ಮಾತ್ರ ಅದನ್ನು ಚಳಿಗಾಲದ ಟೈರೆಂದು ಈಗ ಒಪ್ಪುತ್ತಾರೆ. ಟೈರು ಒಳ್ಳೆಯದಿದ್ದರೂ ಸರಪಳಿ ಜೊತೆಗಿರಲಿ ಎಂದೇ ನಾನು ಹೇಳುತ್ತೇನೆ. ಹಿಮ ಜೋರಾದಾಗ ಸರಪಳಿ ಕಡ್ಡಾಯ ಎಂಬ ನೀಲಿ ಫಲಕ ಕಾಣಿಸಿಕೊಳ್ಳಬಹುದು.

ಈ ಸರಪಳಿಯ ವಿಷಯದಲ್ಲಿ ಒಂದು ಮಾತು. ಅದನ್ನು ಕೊಂಡು ಪೆಟ್ಟಿಗೆಯಲ್ಲಿ ಹಾಗೆಯೇ ಇಟ್ಟುಕೊಂಡು ಹೊರಡುವವರು ಬಹಳ. ಕತ್ತಲೆಯಲ್ಲಿ, ಇಳಿಜಾರಿನಲ್ಲಿ, ಮರಗಟ್ಟಿದ ಬೆರಳುಗಳಿಂದ, ಟಾರ್ಚಿನ ಬೆಳಕಿನಲ್ಲಿ ಸೂಚನಾಪತ್ರ ಓದುತ್ತ ಮೊದಲ ಬಾರಿಗೆ ಸರಪಳಿ ತೊಡಿಸುವ ಪ್ರಯತ್ನವನ್ನು ಊಹಿಸಿಕೊಳ್ಳಿ. ಮನೆಯ ಅಂಗಳದಲ್ಲಿ ಎರಡು ಸಲ ಹಾಕಿ ತೆಗೆದು ಅಭ್ಯಾಸ ಮಾಡಿಕೊಂಡರೆ ಅದೇ ಕೆಲಸ ಹದಿನೈದು ನಿಮಿಷದ್ದು. ತೊಡಿಸಬೇಕಾದದ್ದು ಎಂಜಿನ್ ತಿರುಗಿಸುವ ಚಕ್ರಗಳಿಗೆ. ಇಂದಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಅವು ಮುಂದಿನ ಚಕ್ರಗಳು. ಚಕ್ರ ಜಾರತೊಡಗಿದ ಮೇಲೆ ನಡುರಸ್ತೆಯಲ್ಲಿ ನಿಲ್ಲಿಸುವುದು ಸಲ್ಲದು. ಏರು ಶುರುವಾಗುವ ಮೊದಲೇ ಇದಕ್ಕೆಂದು ಬಿಟ್ಟಿರುವ ಅಗಲವಾದ ಜಾಗಗಳಲ್ಲಿ ಹಾಕಿಕೊಳ್ಳಬೇಕು. ಹಾಕಿದ ಮೇಲೆ ವೇಗ 50 ಕಿ.ಮೀ. ಮೀರಬಾರದು, ಹಿಮವಿಲ್ಲದ ಡಾಂಬರು ಸಿಕ್ಕಿದೊಡನೆ ಬಿಚ್ಚಬೇಕು.

ಇಬ್ಬರು ಎದುರುಬದುರಾಗಿ ದಾಟಲು ಜಾಗವಿಲ್ಲದ ಬೆಟ್ಟದ ರಸ್ತೆಯಲ್ಲಿ ಇಳಿಯುವ ವಾಹನ ಮೊದಲು ನಿಲ್ಲಬೇಕು, ಏರುವವನಿಗೆ ದಾರಿ ಬಿಡಬೇಕು. ನಮ್ಮ ದೇಶದ ನಿಯಮವೂ ಇದೇ. ಆಗುಂಬೆ ಘಾಟಿಯಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿದ್ಯುತ್ ಕಾರಿನಲ್ಲಿ ಹೋಗುವವರು ಇನ್ನೊಂದು ಲೆಕ್ಕ ಹಾಕಬೇಕು. ಎರಡು ಟನ್ ತೂಕದ ಕಾರನ್ನು 1,800 ಮೀಟರ್ ಮೇಲೆತ್ತಲು ಬೇಕಾಗುವ ಶಕ್ತಿ ಸುಮಾರು 10 ಯೂನಿಟ್ ವಿದ್ಯುತ್ತಿಗೆ ಸಮ. ಇದು ಏರುವುದಕ್ಕೆ ಮಾತ್ರ. ಚಕ್ರ ಉರುಳಿಸಲು, ಕಾರಿನೊಳಗೆ ಬೆಚ್ಚಗಿರಿಸಲು ಬೇರೆ. ಸಾಲದ್ದಕ್ಕೆ ಚಳಿಯಲ್ಲಿ ಬ್ಯಾಟರಿಯೇ ಸೊರಗುತ್ತದೆ. ಆದ್ದರಿಂದ ಕಣಿವೆಯಲ್ಲೇ ಚಾರ್ಜ್ ಮಾಡಿಕೊಂಡು ಹತ್ತುವುದು ಜಾಣತನ. ಡೀಸೆಲ್ ಕಾರಿನವರಿಗೂ ಇದೇ ಬುದ್ಧಿವಾದ, ಕಾರಣ ಬೇರೆ. ಡೀಸೆಲ್ಲಿನಲ್ಲಿರುವ ಮೇಣದ ಅಂಶ ಅತಿಯಾದ ಚಳಿಯಲ್ಲಿ ಗಟ್ಟಿಯಾಗಿ ಸೋಸುಕವನ್ನು ಕಟ್ಟಿಕೊಳ್ಳುತ್ತದೆ. ಬೆಟ್ಟದ ಬುಡದಲ್ಲಿ ಚಳಿಗಾಲದಲ್ಲಿ ಮಾರುವ ಡೀಸೆಲ್ ಆ ಚಳಿಗೆ ಹೊಂದುವಂಥದ್ದು.

ಈಗ ಒಂದು ಹೆಜ್ಜೆ ಹಿಂದಕ್ಕೆ, ಕಣಿವೆಗೆ ಬರೋಣ. ಆಲ್ಬರ್‌ವಿಲ್‌ನಿಂದ ಮೂತಿಯೇಗೆ ಹೋಗುವ ಹೆದ್ದಾರಿಯನ್ನು 1992ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳಿಗಾಗಿ ಅಗಲಗೊಳಿಸಲಾಯಿತು. ಅಗಲವಾದರೂ ಅದು ಒಂದೇ ರಸ್ತೆ. ಕೂರ್ಶವೆಲ್, ಮೆರಿಬೆಲ್, ವಾಲ್ ತೊರಾನ್ಸ್, ಇನ್ನೂ ಮೇಲೆ ಟೀನ್ಯ, ವಾಲ್ ದಿಸೇರ್, ಹೀಗೆ ಹೆಸರಾಂತ ಹಿಮದೂರುಗಳಿಗೆಲ್ಲ ಹೋಗುವವರು ಇದರ ಮೂಲಕವೇ ಹಾಯಬೇಕು. ಅಲ್ಲಿನ ವಸತಿಗಳನ್ನು ಬಹುಪಾಲು ಶನಿವಾರದಿಂದ ಶನಿವಾರಕ್ಕೆ ಬಾಡಿಗೆಗೆ ಕೊಡುವುದು ರೂಢಿ. ಹೀಗಾಗಿ ಒಂದೇ ದಿನ ಒಂದು ಗುಂಪು ಇಳಿಯುತ್ತದೆ, ಇನ್ನೊಂದು ಗುಂಪು ಏರುತ್ತದೆ. ಬಾಟಲಿಯ ಕತ್ತಿನಂಥ ಕಣಿವೆಯಲ್ಲಿ ಎರಡೂ ಕಡೆಯ ಹರಿವು ಸೇರುತ್ತದೆ.

2014ರ ಡಿಸೆಂಬರ್ 27 ಇಂಥದೇ ಒಂದು ಶನಿವಾರ. ಕ್ರಿಸ್‌ಮಸ್ ಮುಗಿದು ಹೊಸ ವರ್ಷದ ವಾರಕ್ಕೆ ಜನ ಬರುತ್ತಿದ್ದರು. ಅದೇ ದಿನ ಹಿಮ ಜೋರಾಗಿ ಸುರಿಯಿತು. ಆ ಪ್ರದೇಶದಲ್ಲಿ ಸುಮಾರು 15,000 ವಾಹನಗಳು ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡವು. ಆಡಳಿತದವರು ಆಲ್ಬರ್‌ವಿಲ್, ಶಾಂಬೆರಿ ಮೊದಲಾದ ಊರುಗಳಲ್ಲಿ ತುರ್ತು ಆಶ್ರಯಗಳನ್ನು ತೆರೆದರು. ರಜೆಗೆಂದು ಹೊರಟ ಸಂಸಾರಗಳು ಆ ರಾತ್ರಿಯನ್ನು ಸಾರ್ವಜನಿಕ ಸಭಾಂಗಣಗಳಲ್ಲಿ ಕಳೆದವು. ಮುಂದಿನವರ ಕಾರು ಏರಿನಲ್ಲಿ ಜಾರಿ ಅಡ್ಡ ನಿಂತರೆ ಹಿಂದಿನ ನೂರಾರು ಕಾರುಗಳು ಸರಿಯಿದ್ದೂ ನಿಲ್ಲಬೇಕಾಗುತ್ತದೆ. ಹಿಮ ತಳ್ಳುವ ಯಂತ್ರವೂ ಆ ಸಾಲಿನ ಹಿಂದೆ ನಿಲ್ಲುತ್ತದೆ. ಹೀಗಾಗಿ ಒಬ್ಬನ ಟೈರು ಊರಿಗೆಲ್ಲ ಸಂಬಂಧಪಟ್ಟ ವಿಷಯವಾಗುತ್ತದೆ. 2021ರ ನಿಯಮದ ಹಿಂದೆ ಇರುವ ತರ್ಕ ಇದೇ.

ಯಾವ ದಿನ ರಸ್ತೆ ಹೇಗಿರುತ್ತದೆಂದು ಮುಂಚಿತವಾಗಿ ಹೇಳುವ ಸರ್ಕಾರಿ ವ್ಯವಸ್ಥೆಯೊಂದು ಫ್ರಾನ್ಸಿನಲ್ಲಿ 1976ರಿಂದ ಇದೆ. ಅದರ ಹೆಸರು ಬೀಸೋನ್ ಫ್ಯೂತೇ. ಕನ್ನಡದಲ್ಲಿ ಹೇಳುವುದಾದರೆ ‘ಜಾಣ ಕಾಡುಕೋಣ’ ಎನ್ನಬಹುದೇನೋ! ಅದು ವರ್ಷದ ಪ್ರತಿ ದಿನಕ್ಕೂ ಒಂದು ಬಣ್ಣ ಕೊಡುತ್ತದೆ. ಹಸಿರು ಎಂದರೆ ಸಾಧಾರಣ, ಕಿತ್ತಳೆ ಎಂದರೆ ಕಷ್ಟ, ಕೆಂಪು ಬಹಳ ಕಷ್ಟ, ಕಪ್ಪು ಎಂದರೆ ಹೊರಡಲೇಬೇಡಿ ಎಂಬಷ್ಟು. ಜನಸಂದಣಿಯನ್ನು ಹಂಚಲು ಅಲ್ಲಿನ ಶಾಲೆಗಳ ಫೆಬ್ರುವರಿ ರಜೆಯನ್ನೂ ದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿ ಬೇರೆ ಬೇರೆ ವಾರಗಳಲ್ಲಿ ಕೊಡುತ್ತಾರೆ. ನಮ್ಮ ಕುಟುಂಬ ವಸತಿಯನ್ನು ಗೊತ್ತುಮಾಡುವ ಮೊದಲು ಈ ಬಣ್ಣಗಳನ್ನು ನೋಡಬೇಕು. ಭಾನುವಾರದಿಂದ ಭಾನುವಾರಕ್ಕೆ ಕೊಡುವ ಮನೆ ಸಿಕ್ಕರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು.

ಇನ್ನೂ ಹಿಂದಕ್ಕೆ ಹೋಗೋಣ. ಸರಾಸರಿ ಗಂಟೆಗೆ 90 ಕಿ.ಮೀ. ಎಂದಿಟ್ಟುಕೊಂಡರೂ 1,100 ಕಿ.ಮೀ.ಗೆ ಹನ್ನೆರಡು ಗಂಟೆ ಸ್ಟಿಯರಿಂಗ್ ಹಿಡಿದು ಕೂರಬೇಕು. ಐರೋಪ್ಯ ಒಕ್ಕೂಟದ ಕಾನೂನಿನ ಪ್ರಕಾರ ಲಾರಿ ಚಾಲಕನೊಬ್ಬ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಪಡೆಯಲೇಬೇಕು. ದಿನಕ್ಕೆ ಒಂಬತ್ತು ಗಂಟೆ, ವಾರದಲ್ಲಿ ಎರಡು ದಿನ ಮಾತ್ರ ಹತ್ತು ಗಂಟೆ, ಅದಕ್ಕಿಂತ ಹೆಚ್ಚು ಓಡಿಸುವಂತಿಲ್ಲ. ಓಡಿಸುವುದೇ ಕಸುಬಾದವನಿಗೆ ಇಷ್ಟು ಕಟ್ಟುಪಾಡು. ವರ್ಷವಿಡೀ ಕಚೇರಿಗೂ ಅಂಗಡಿಗೂ ಕಾರು ಓಡಿಸುವ ಗೃಹಸ್ಥ ಒಂದೇ ರಾತ್ರಿ ಹನ್ನೆರಡು ಗಂಟೆ ಓಡಿಸಿದರೆ ಕೇಳುವವರಿಲ್ಲ! ಬೆಳಗಿನ ಜಾವ ಎರಡರಿಂದ ಆರರವರೆಗೆ ದೇಹ ಸಹಜವಾಗಿ ನಿದ್ದೆಯನ್ನು ಬಯಸುತ್ತದೆ. ಕಾಫಿಯಿಂದ ಸ್ವಲ್ಪ ಹೊತ್ತು ದೂಡಬಹುದೇ ಹೊರತು ನಿದ್ದೆಯ ಸಾಲ ತೀರುವುದಿಲ್ಲ.

ಹೀಗೆ ಹಿಂದುಮುಂದಾಗಿ ಲೆಕ್ಕ ಹಾಕಿದಾಗ ನಮ್ಮ ಕುಟುಂಬದ ವೇಳಾಪಟ್ಟಿ ತಾನಾಗಿಯೇ ಮೂಡುತ್ತದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಬೆಳಕಿರುವಾಗಲೇ ಮೇಲೇರಬೇಕಾದರೆ ಮಧ್ಯಾಹ್ನ ಎರಡೂವರೆಗೆ ಮೂತಿಯೇಯಲ್ಲಿರಬೇಕು. ಅದಕ್ಕಾಗಿ ಬೆಳಿಗ್ಗೆ ಒಂಬತ್ತಕ್ಕೆ ಡಿಜೋನ್ ಬಿಡಬೇಕು. ಹಾಗಾದರೆ ಹಿಂದಿನ ರಾತ್ರಿ ಡಿಜೋನ್‌ನಲ್ಲಿ ತಂಗಬೇಕು. ಕ್ಯಾಲೆಯಿಂದ ಡಿಜೋನ್‌ಗೆ ಸುಮಾರು 580 ಕಿ.ಮೀ. ಎರಡು ಗಂಟೆಗೊಮ್ಮೆ ನಿಂತು, ಕಾಲಾಡಿಸಿ, ಗಂಡ ಹೆಂಡತಿ ಇಬ್ಬರೂ ಸರದಿಯ ಮೇಲೆ ಓಡಿಸಿದರೆ ಎಂಟು ಗಂಟೆಯ ದಾರಿ. ಅಂದರೆ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಕ್ಯಾಲೆಯಲ್ಲಿರಬೇಕು. ಫ್ರಾನ್ಸಿನ ಗಡಿಯಾರ ಬ್ರಿಟನ್ನಿಗಿಂತ ಒಂದು ಗಂಟೆ ಮುಂದೆ. 1994ರಲ್ಲಿ ತೆರೆದ ಕಡಲ್ಗಾಲುವೆಯ ಸುರಂಗದಲ್ಲಿ ಕಾರನ್ನು ರೈಲಿಗೆ ಏರಿಸಿದರೆ 35 ನಿಮಿಷದಲ್ಲಿ ದಾಟಬಹುದು. ಹಾಗೆ ನೋಡಿದರೆ ಲಂಡನ್ ಮನೆಯಿಂದ ಬೆಳಿಗ್ಗೆ ಆರು ಗಂಟೆಗೆ ಹೊರಟರಾಯಿತು. ಒಂದು ರಾತ್ರಿಯ ವಸತಿಯ ಖರ್ಚು ಹೆಚ್ಚಾಗುತ್ತದೆ ಎಂಬುದು ನಿಜ. ನನ್ನ ಅಭಿಪ್ರಾಯದಲ್ಲಿ ಇಡೀ ರಜೆಯ ಖರ್ಚಿನಲ್ಲಿ ಕಡಿತ ಮಾಡಬಾರದ ಬಾಬು ಅದೊಂದೇ.

ಬ್ರಿಟನ್ನಿನ ಕಾರು ನಮ್ಮ ಕಾರಿನಂತೆಯೇ ರಸ್ತೆಯ ಎಡಗಡೆಗಾಗಿ ಮಾಡಿದ್ದು, ಸ್ಟಿಯರಿಂಗ್ ಬಲಕ್ಕೆ. ಫ್ರಾನ್ಸಿನಲ್ಲಿ ಬಲಗಡೆ ಓಡಿಸಬೇಕು. ಇದರಿಂದ ಎರಡು ಸಣ್ಣ ಸಮಸ್ಯೆಗಳು ಹುಟ್ಟುತ್ತವೆ. ಎಡಕ್ಕೆ ವಾಲುವಂತೆ ಮಾಡಿದ ಮುಂದೀಪದ ಬೆಳಕು ಅಲ್ಲಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ದೀಪದ ಗಾಜಿಗೆ ಬೆಳಕು ತಿರುಗಿಸುವ ಪಟ್ಟಿ ಅಂಟಿಸಬೇಕು. ಸುಂಕದ ಕಟ್ಟೆಯ ಕಿಟಕಿ ಚಾಲಕನ ಕಡೆಗಿರದೆ ಪಕ್ಕದಲ್ಲಿ ಕುಳಿತವರ ಕಡೆಗಿರುತ್ತದೆ, ಅದಕ್ಕೆ ಉಪಾಯ ಪಕ್ಕದಲ್ಲಿ ಕುಳಿತವರ ಕೈಗೆ ದುಡ್ಡು ಕೊಡುವುದು! ಪ್ರತಿಫಲಿಸುವ ಮೇಲಂಗಿ ಮತ್ತು ಎಚ್ಚರಿಕೆಯ ತ್ರಿಕೋನ 2008ರಿಂದ ಅಲ್ಲಿ ಕಡ್ಡಾಯ. ಮೇಲಂಗಿ ಡಿಕ್ಕಿಯಲ್ಲಿದ್ದರೆ ಪ್ರಯೋಜನವಿಲ್ಲ, ಇಳಿಯುವ ಮೊದಲೇ ತೊಡುವಂತೆ ಕೈಗೆಟುಕುವಲ್ಲಿರಬೇಕು.

ಕುಟುಂಬದವರ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ಬ್ರಿಟನ್ನಿನಲ್ಲಿ ವಾಸಿಸುವ ಪರವಾನಗಿಯೊಂದೇ ಫ್ರಾನ್ಸಿಗೆ ಸಾಲದು. ಷೆಂಗೆನ್ ವೀಸಾ ಬೇಕು. ಅದಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಡಿಸೆಂಬರಿನ ಪ್ರಯಾಣಕ್ಕೆ ಬೇಸಿಗೆಯಲ್ಲೇ ಅರ್ಜಿ ಹಾಕುವುದು ಕ್ಷೇಮ. ಸ್ಕೀಯಿಂಗ್‌ಗೆ ಅನ್ವಯಿಸುವ ವಿಮೆಯೂ ಬೇಕು, ಏಕೆಂದರೆ ಫ್ರಾನ್ಸಿನ ಸ್ಕೀ ಇಳಿಜಾರಿನಲ್ಲಿ ಬಿದ್ದು ಕಾಲು ಮುರಿದುಕೊಂಡವರನ್ನು ಕೆಳಗೆ ತರುವ ಖರ್ಚನ್ನು ಬಿದ್ದವರೇ ಕೊಡಬೇಕು. ಬುತ್ತಿಯ ವಿಷಯದಲ್ಲೂ ಒಂದು ತೊಡಕಿದೆ. 2021ರ ಜನವರಿಯಿಂದ ಬ್ರಿಟನ್ನಿನಿಂದ ಒಕ್ಕೂಟದ ದೇಶಗಳಿಗೆ ಹೋಗುವವರು ಮಾಂಸವನ್ನಾಗಲಿ ಹಾಲಿನ ಪದಾರ್ಥಗಳನ್ನಾಗಲಿ ಒಯ್ಯುವಂತಿಲ್ಲ. ಹಾಗಾಗಿ ಡಬ್ಬಿಯಲ್ಲಿ ಪುಳಿಯೋಗರೆ ಇರಬಹುದು, ಮೊಸರನ್ನ ಗಡಿ ದಾಟಲಾರದು.

ಇಷ್ಟೆಲ್ಲ ಮಾಡಿಯೂ ಹಿಮದಲ್ಲಿ ಸಿಕ್ಕಿಕೊಂಡರೆ? ಕಂಬಳಿ, ನೀರು, ತಿನ್ನಲು ಏನಾದರೂ, ಟಾರ್ಚು, ಒಂದು ಸಣ್ಣ ಸಲಿಕೆ, ಇವು ಸ್ಕೀ ಹಲಗೆಗಳ ಅಡಿಯಲ್ಲಿ ಹುದುಗಿರದೆ ಒಳಗೇ ಇರಬೇಕು. ಬೆಚ್ಚಗಿರಲೆಂದು ಎಂಜಿನ್ ಚಾಲೂ ಇಡುವವರು ಮೊದಲು ಹೊಗೆಕೊಳವೆಯ ಸುತ್ತಲಿನ ಹಿಮವನ್ನು ತೆಗೆಯಬೇಕು. ಅದು ಮುಚ್ಚಿಹೋದರೆ ಇಂಗಾಲದ ಮಾನಾಕ್ಸೈಡ್ ಕಾರಿನೊಳಕ್ಕೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ ಜೊತೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ಒಳಗೆ ಕುಳಿತವರಿಗೆ ನಿದ್ದೆ ಬಂದಂತೆ ಅನ್ನಿಸುತ್ತದೆ, ಅಷ್ಟೇ. ತುರ್ತು ಕರೆಯ ಸಂಖ್ಯೆ ಯೂರೋಪಿನಲ್ಲಿ 112. ನಮ್ಮಲ್ಲೂ ಈಗ ಅದೇ ಸಂಖ್ಯೆ.

ಮೇಲೆ ತಲುಪಿದ ಮೇಲೆ ಕಾರು ಒಂದು ವಾರ ಹಿಮದಲ್ಲಿ ನಿಂತಿರುತ್ತದೆ. ತೇವಗೊಂಡ ಹ್ಯಾಂಡ್‌ಬ್ರೇಕ್ ಹೆಪ್ಪುಗಟ್ಟಿ ಬಿಡಿಸಲಾಗದಂತೆ ಹಿಡಿದುಕೊಳ್ಳುವುದುಂಟು. ಅದಕ್ಕಾಗಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಗೇರಿನಲ್ಲಿ ಬಿಡುತ್ತಾರೆ. ಗಾಜಿಗೆ ಅಂಟದಿರಲೆಂದು ವೈಪರುಗಳನ್ನು ಎತ್ತಿ ನಿಲ್ಲಿಸುತ್ತಾರೆ. ಮರಳುವ ದಿನ ಗಾಜಿನ ಮೇಲಿನ ಹಿಮ ತೆಗೆದರೆ ಸಾಲದು, ಮಾಡಿನ ಮೇಲಿನದನ್ನೂ ತೆಗೆಯಬೇಕು, ಇಲ್ಲದಿದ್ದರೆ ಮೊದಲ ಬ್ರೇಕಿಗೇ ಅದೆಲ್ಲ ಮುಂದಿನ ಗಾಜಿನ ಮೇಲೆ ಕುಸಿಯುತ್ತದೆ. ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಮಕ್ಕಳು ಕೈಜೋಡಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ಮತ್ತೆ 37 ಕಿಲೋಮೀಟರ್, ಈ ಸಲ ಇಳಿಜಾರು. ಎರಡನೆಯ ಗೇರಿನಲ್ಲಿ, ಬ್ರೇಕನ್ನು ಆದಷ್ಟು ಮುಟ್ಟದೆ, ಮುಂದಿನ ಕಾರಿನಿಂದ ಬಹಳ ಅಂತರ ಬಿಟ್ಟು ಇಳಿಯಬೇಕು. ಒಂದು ಅನುಕೂಲವೆಂದರೆ ಮರಳುವಾಗ ಕಷ್ಟದ ದಾರಿ ಮೊದಲೇ ಬರುತ್ತದೆ, ಆಗ ಚಾಲಕ ಆಗಷ್ಟೇ ನಿದ್ದೆಯಿಂದ ಎದ್ದಿರುತ್ತಾನೆ.